ಮುರಕಲ್ಲಿನ ಗೋಡೆಗೆ ಮೆರಿಲ್ ಕ್ಯಾಮೆರಾ

ಸಿಗ್ಮಾ ಡಿಪಿ2 ಮೆರಿಲ್ 2012ರಲ್ಲಿ ಬಂದ ಪುಟ್ಟ ಕ್ಯಾಮೆರಾ. ಈಗ ತಯಾರಾಗುತ್ತಿಲ್ಲ, ಸಿಕ್ಕಿದರೆ ಸೆಕೆಂಡ್‌ಹ್ಯಾಂಡ್ ಮಾತ್ರ. ಜೂಮ್ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಕೈ ನಡುಗಿದರೆ ಸರಿಪಡಿಸುವ ವ್ಯವಸ್ಥೆ ಇಲ್ಲ. ಒಂದು ಬ್ಯಾಟರಿಗೆ ನೂರು ಚಿತ್ರವೂ ಬರುವುದಿಲ್ಲ. ಮದುವೆಮನೆಗೆ, ಓಡುವ ಮಕ್ಕಳಿಗೆ, ಹಕ್ಕಿಗೆ ಇದು ತಕ್ಕದ್ದಲ್ಲ. ಆದರೂ ಕಾಸರಗೋಡಿನ ಕಡೆಯ ಮುರಕಲ್ಲಿನ (ಲ್ಯಾಟರೈಟ್ ಎಂಬ ತೂತು ತೂತಾದ ಕೆಂಪು ಕಲ್ಲಿನ) ಕಟ್ಟಡಗಳ ಚಿತ್ರ ತೆಗೆಯಬೇಕಾದಾಗ, ಅಂದರೆ ಬೇಕಲ ಕೋಟೆ, ಚಂದ್ರಗಿರಿ ಕೋಟೆ, ಕುಂಬಳೆ ಬಳಿಯ ಆರಿಕ್ಕಾಡಿ ಕೋಟೆ, ಗಾರೆ ಬಳಿಯದ ಹಳೆಯ ಮನೆಗಳು, ಬಾವಿಕಟ್ಟೆಗಳು ಇಂಥವಕ್ಕೆ, ನಾನು ಹಿಡಿಯುವುದು ಇದನ್ನೇ.

ಅದಕ್ಕೆ ಕಾರಣ ಕಲ್ಲಿನಲ್ಲೇ ಇದೆ. ಮುರಕಲ್ಲಿನ ಒಂದು ಕಲ್ಲನ್ನು ಹತ್ತಿರದಿಂದ ನೋಡಿ. ಕೆಲವೇ ಮಿಲಿಮೀಟರ್ ಅಗಲದ ತೂತುಗಳು, ತೂತಿನೊಳಗೆ ಹಳದಿ ಮಣ್ಣು, ಅಂಚಿನಲ್ಲಿ ಇಟ್ಟಿಗೆ ಕೆಂಪು, ನಡುವೆ ಕಬ್ಬಿಣದ ಗಂಟಿನಂಥ ಕಡುಗಂದು, ಹಳೆಯ ಗೋಡೆಯಾದರೆ ಮೇಲೆಲ್ಲ ಕಪ್ಪು ಪಾಚಿಯ ಪದರ. ಇಷ್ಟು ವ್ಯತ್ಯಾಸವೂ ಬಹುಪಾಲು ಕೆಂಪಿನ ಒಳಗೇ ನಡೆಯುವಂಥದ್ದು. ಸಾಮಾನ್ಯ ಡಿಜಿಟಲ್ ಸೆನ್ಸರ್‌ನಲ್ಲಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಿಗೆ, ಒಂದು ನೀಲಿಗೆ, ಒಂದೇ ಒಂದು ಕೆಂಪಿಗೆ. ಉಳಿದದ್ದನ್ನು ಪಕ್ಕದ ಪಿಕ್ಸೆಲ್ ನೋಡಿ ಲೆಕ್ಕಹಾಕಿ ತುಂಬುತ್ತಾರೆ. ಹಸಿರು ಎಲೆಗೆ ಈ ಏರ್ಪಾಡು ಚೆನ್ನಾಗಿಯೇ ಹೊಂದುತ್ತದೆ. ಕೆಂಪು ಕಲ್ಲಿನ ಸಣ್ಣ ವಿವರ ಬಂದಾಗ ಮಾತ್ರ ಅದು ತನ್ನ ಬಲಹೀನ ಜಾಗದಲ್ಲಿ ಕೆಲಸ ಮಾಡಬೇಕಾಗುತ್ತದೆ. ಪರಿಣಾಮವಾಗಿ ದೂರದಿಂದ ಚೆಂದ ಕಾಣುವ ಗೋಡೆ ದೊಡ್ಡದಾಗಿಸಿದಾಗ ಕೆಂಪು ಬಣ್ಣ ಬಳಿದ ಸಿಮೆಂಟಿನಂತಾಗುತ್ತದೆ.

ಮೆರಿಲ್‌ನೊಳಗಿನ ಫೋವಿಯಾನ್ ಸೆನ್ಸರ್ ಬೇರೆ ಬಗೆಯದು. ಸಿಲಿಕಾನ್‌ನಲ್ಲಿ ನೀಲಿ ಬೆಳಕು ಮೇಲ್ಪದರದಲ್ಲೇ ಹೀರಲ್ಪಡುತ್ತದೆ, ಹಸಿರು ಸ್ವಲ್ಪ ಒಳಗೆ, ಕೆಂಪು ಇನ್ನೂ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಒಂದರ ಮೇಲೊಂದು ಮೂರು ಪದರ ಇಟ್ಟು ಪ್ರತಿ ಜಾಗದಲ್ಲೂ ಮೂರು ಬಣ್ಣವನ್ನೂ ಅಳೆಯುತ್ತಾರೆ. ಚಿತ್ರದ ಅಳತೆ 4704 × 3136 ಪಿಕ್ಸೆಲ್, ಅಂದರೆ 15 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಕಡಿಮೆ. ಡಬ್ಬಿಯ ಮೇಲೆ ಬರೆದ 46 ಮೆಗಾಪಿಕ್ಸೆಲ್ ಎಂಬುದು ಮೂರು ಪದರ ಸೇರಿಸಿದ ಲೆಕ್ಕ, ಅದನ್ನು ನಂಬಿ ಕೊಳ್ಳಬೇಡಿ. ಕ್ಯಾಮೆರಾದ ಹೆಸರಿನಲ್ಲಿರುವ ಮೆರಿಲ್ ಈ ಸೆನ್ಸರನ್ನು ರೂಪಿಸಿದವರಲ್ಲಿ ಒಬ್ಬರಾದ, 2008ರಲ್ಲಿ ತೀರಿಕೊಂಡ ರಿಚರ್ಡ್ ಮೆರಿಲ್.

ಈ ಏರ್ಪಾಡಿಗೆ ತೆರಬೇಕಾದ ಬೆಲೆಯೂ ದೊಡ್ಡದೇ. ಮೂರು ಪದರಗಳು ಬಣ್ಣವನ್ನು ಅಚ್ಚುಕಟ್ಟಾಗಿ ಬೇರ್ಪಡಿಸುವುದಿಲ್ಲ, ಒಂದರ ಪಾಲು ಇನ್ನೊಂದಕ್ಕೆ ಸೋರುತ್ತದೆ. ನಿಜವಾದ ಬಣ್ಣ ಸಿಗಬೇಕಾದರೆ ಒಂದು ಪದರದಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನು ಹಿಗ್ಗಿಸಬೇಕು. ಕಳೆಯುವಾಗ ಸಂಕೇತ ಕಿರಿದಾಗುತ್ತದೆ, ಗದ್ದಲ (ನಾಯ್ಸ್, ಅಂದರೆ ಚಿತ್ರದಲ್ಲಿ ಮರಳಿನಂತೆ ಕಾಣುವ ಬೇಡದ ಚುಕ್ಕೆಗಳು) ಮಾತ್ರ ಕಿರಿದಾಗುವುದಿಲ್ಲ. ಹಿಗ್ಗಿಸಿದಾಗ ಎರಡೂ ಹಿಗ್ಗುತ್ತವೆ. ಕಡಿಮೆ ಬೆಳಕಿನಲ್ಲಿ ಚಿತ್ರವನ್ನು ಬೆಳಗಿಸಲು ಏರಿಸುವ ಐಎಸ್‌ಒ ಅಂಕಿ 100 ಮತ್ತು 200ರಲ್ಲಿದ್ದರೆ ತೊಂದರೆ ಇಲ್ಲ. 400ರಲ್ಲಿ ನೆರಳಿನ ಜಾಗಗಳಲ್ಲಿ ಹಸಿರು, ನೇರಳೆ ಮಚ್ಚೆಗಳು ತಲೆಹಾಕುತ್ತವೆ. 800ರ ನಂತರ ಬಣ್ಣದ ಚಿತ್ರದ ಆಸೆ ಬಿಡಬೇಕು. ಮೆನುವಿನಲ್ಲಿ 6400ರ ತನಕ ಇದೆ ಎಂಬುದು ನಿಜ, ಇರಲಿ ಬಿಡಿ.

ಕಳಿಯಾಟದ (ತೆಯ್ಯಂ ಎಂಬ ದೈವನರ್ತನದ ಉತ್ಸವದ) ರಾತ್ರಿ ಸೂಟೆಯ ಬೆಳಕಿನಲ್ಲಿ ತೆಯ್ಯಂ ತೆಗೆಯಲು ಇದನ್ನು ಕೊಂಡೊಯ್ಯಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಕಿಸೆಯಲ್ಲಿರುವ ಮೊಬೈಲು ಅಲ್ಲಿ ಇದಕ್ಕಿಂತ ವಾಸಿ.

ಮನೆಯಲ್ಲಿ ಮಾಡಿಕೊಳ್ಳುವ ತಯಾರಿ ಹೆಚ್ಚಿಲ್ಲ. ಬಿಪಿ-41 ಬ್ಯಾಟರಿಗೆ ಕಂಪೆನಿಯೇ ಹೇಳುವುದು ಸುಮಾರು 97 ಚಿತ್ರ, ಪೆಟ್ಟಿಗೆಯಲ್ಲೇ ಎರಡು ಬ್ಯಾಟರಿ ಕೊಡುತ್ತಿದ್ದದ್ದು ಅದಕ್ಕೇ. ಹಿಂದಿನ ಪರದೆ ಯಾವಾಗಲೂ ಉರಿಯುತ್ತಲೇ ಇರುವುದರಿಂದ ನಿಧಾನವಾಗಿ ಕೆಲಸ ಮಾಡುವವರಿಗೆ ನಲವತ್ತು, ಐವತ್ತಕ್ಕೇ ಮುಗಿಯುತ್ತದೆ. ಅರ್ಧ ದಿನದ ಕೆಲಸಕ್ಕೆ ನಾಲ್ಕು ಬ್ಯಾಟರಿ ಬೇಕು. ರಿಕೋ ಕ್ಯಾಮೆರಾಗಳ ಡಿಬಿ-65 ಬ್ಯಾಟರಿ ಇದಕ್ಕೂ ಕೂರುತ್ತದೆ, ಹುಡುಕುವಾಗ ಆ ಹೆಸರಿನಲ್ಲೂ ಹುಡುಕಿ. ರಾ ಫೈಲ್ (ಸೆನ್ಸರ್ ಅಳೆದದ್ದನ್ನು ಸಂಸ್ಕರಿಸದೆ ಇಟ್ಟ ಫೈಲ್) ಒಂದೊಂದೂ 45–50 ಎಂಬಿ. ಎಷ್ಟೇ ವೇಗದ ಕಾರ್ಡ್ ಹಾಕಿದರೂ ಒಂದು ಚಿತ್ರ ಬರೆಯಲು ಕ್ಯಾಮೆರಾ ಹತ್ತು ಸೆಕೆಂಡಿಗೂ ಮೇಲೆ ತೆಗೆದುಕೊಳ್ಳುತ್ತದೆ. ಆದ್ದರಿಂದ ದುಬಾರಿ ಕಾರ್ಡಿಗೆ ಹಣ ಸುರಿಯುವುದು ದಂಡ. ರಾ ಮಾತ್ರ ಇಡಿ, ಜೆಪೆಗ್ ಜೊತೆಗೆ ಬೇಡ. ಅದು ಕಾಯುವ ಹೊತ್ತನ್ನು ಹೆಚ್ಚಿಸುತ್ತದೆಯೇ ಹೊರತು ಉಪಯೋಗಕ್ಕೆ ಬರುವುದಿಲ್ಲ. ಬರೆಯುತ್ತಿರುವಾಗ ಬ್ಯಾಟರಿಯ ಮುಚ್ಚಳ ತೆರೆದರೆ ಆ ಚಿತ್ರ ಹೋಯಿತೆಂದೇ ಲೆಕ್ಕ.

ಇನ್ನು ಬೆಳಕು. ಹೆಚ್ಚಿನವರು ಬೇಕಲಕ್ಕೆ ಬರುವುದು ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ. ಸಮುದ್ರಕ್ಕೆ ಮುಖ ಮಾಡಿದ ಗೋಡೆಗೆ ಆಗ ಬಂಗಾರದ ಬಣ್ಣವೇನೋ ಬರುತ್ತದೆ. ಆದರೆ ಬೆಳಕು ನೇರ ಎದುರಿನಿಂದ ಬಂದು ಪ್ರತಿ ತೂತಿನ ತಳದ ತನಕ ನುಗ್ಗುತ್ತದೆ. ನೆರಳಿಲ್ಲದಿದ್ದರೆ ತೂತು ಕಾಣುವುದಿಲ್ಲ, ತೂತು ಕಾಣದಿದ್ದರೆ ಮುರಕಲ್ಲು ಮುರಕಲ್ಲೇ ಅಲ್ಲ. ಕಲ್ಲಿನ ಮೈ ಎದ್ದು ಬರಬೇಕಾದರೆ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗಬೇಕು, ಗೋಡೆಗೂ ಬಿಸಿಲಿಗೂ ನಡುವಿನ ಕೋನ ಹತ್ತು ಹದಿನೈದು ಡಿಗ್ರಿ ಇದ್ದರೆ ಉತ್ತಮ.

ಆ ಹೊತ್ತು ಯಾವುದೆಂದು ಲೆಕ್ಕ ಹಾಕಬಹುದು. ಬೇಕಲ ಇರುವುದು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ಅರ್ಧ ಗಂಟೆ ಹಿಂದೆ. ಹಾಗಾಗಿ ಡಿಸೆಂಬರ್ ಮಧ್ಯದಲ್ಲಿ ಸೂರ್ಯ ತನ್ನ ಎತ್ತರಕ್ಕೆ ಬರುವುದು 12.25ರ ಸುಮಾರಿಗೆ. ಆಗ ಅವನು ನೆತ್ತಿಯ ಮೇಲಿರದೆ ತೆಂಕು ದಿಕ್ಕಿಗೆ ವಾಲಿರುತ್ತಾನೆ. ನೆಟ್ಟಗೆ ಪಡುವಣಕ್ಕೆ ಮುಖ ಮಾಡಿದ ಗೋಡೆಗೆ ಆ ಕ್ಷಣದ ತನಕ ಬಿಸಿಲೇ ಇಲ್ಲ. ಅಲ್ಲಿಂದ ಅರ್ಧ ಗಂಟೆ ಕಳೆದಾಗ ಬಿಸಿಲು ಏಳು ಡಿಗ್ರಿ ಕೋನದಲ್ಲಿ ತಾಗುತ್ತದೆ, ಒಂದು ಗಂಟೆಗೆ ಹದಿನಾಲ್ಕು, ಒಂದೂವರೆ ಗಂಟೆಗೆ ಇಪ್ಪತ್ತು. ಅಂದರೆ ಪಡುವಣ ಗೋಡೆಗೆ ಒಳ್ಳೆ ಹೊತ್ತು ಮಧ್ಯಾಹ್ನ ಒಂದರಿಂದ ಎರಡರ ಒಳಗೆ, ಎಲ್ಲರೂ ಊಟಕ್ಕೆ ಹೋಗಿರುವಾಗ! ಮೂಡಣ ಗೋಡೆಗೆ ಇದೇ ಲೆಕ್ಕ ತಿರುಗುಮುರುಗು: ಹನ್ನೊಂದರಿಂದ ಹನ್ನೆರಡರ ಒಳಗೆ. ಕೋಟೆಯ ಗೋಡೆ ಎಲ್ಲ ಕಡೆ ದಿಕ್ಕಿಗೆ ಸರಿಯಾಗಿ ಇರುವುದಿಲ್ಲ. ಮೊಬೈಲಿನ ದಿಕ್ಸೂಚಿಯನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು ಎಷ್ಟು ಡಿಗ್ರಿ ಓರೆ ಇದೆ ನೋಡಿಕೊಂಡರೆ ಹೊತ್ತನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು. ಕೊತ್ತಳಗಳು ದುಂಡಗಿರುವುದರಿಂದ ಯಾವ ಹೊತ್ತಿಗೆ ಹೋದರೂ ಒಂದು ಪಟ್ಟಿಯಲ್ಲಿ ಈ ಓರೆ ಬೆಳಕು ಸಿಕ್ಕಿಯೇ ಸಿಗುತ್ತದೆ.

ಮಧ್ಯಾಹ್ನದ ಬಿಸಿಲು ಖಾರ, ಚಿತ್ರ ಕೆಡುತ್ತದೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹತ್ತು ಡಿಗ್ರಿಯಲ್ಲಿ ಸವರುವ ಬಿಸಿಲು ಗೋಡೆಯ ಮೇಲೆ ನೇರ ಬಿಸಿಲಿನ ಆರನೇ ಒಂದು ಪಾಲು ಮಾತ್ರ. ಸಮುದ್ರದ ಕಡೆಯ ತೆರೆದ ಆಕಾಶ ನೆರಳಿನೊಳಕ್ಕೆ ಸಾಕಷ್ಟು ಬೆಳಕು ಚೆಲ್ಲುತ್ತದೆ. ತೂತುಗಳು ಕಪ್ಪಾಗುತ್ತವೆ, ಮಸಿಯಾಗುವುದಿಲ್ಲ.

ವರ್ಷದಲ್ಲಿ ಯಾವಾಗ ಎಂದರೆ ನನ್ನ ಆಯ್ಕೆ ತುಲಾ ಮಾಸ (ಅಕ್ಟೋಬರ್–ನವೆಂಬರ್) ಕಳೆದ ಮೇಲಿನ ಒಂದೆರಡು ತಿಂಗಳು. ಮಳೆಗಾಲದ ಪಾಚಿ ಗೋಡೆಯ ಸಂದಿನಲ್ಲಿ ಇನ್ನೂ ಹಸಿರಾಗಿರುತ್ತದೆ, ಗಾಳಿ ತೊಳೆದಂತಿರುತ್ತದೆ. ಮಾರ್ಚ್ ಹೊತ್ತಿಗೆ ಹಸಿರೆಲ್ಲ ಒಣಗಿ ದೂಳು ಕೂತಿರುತ್ತದೆ. ಸೆಕೆಗೆ ಕ್ಯಾಮೆರಾವೂ ಬಿಸಿಯಾಗುತ್ತದೆ, ಬಿಸಿಯಾದ ಸೆನ್ಸರ್‌ನಲ್ಲಿ ಗದ್ದಲ ಹೆಚ್ಚು. ಎರಡು ಚಿತ್ರಗಳ ನಡುವೆ ಸ್ವಿಚ್ ಆಫ್ ಮಾಡಿ, ಬಿಸಿಲಿಗೆ ಬಟ್ಟೆ ಮುಚ್ಚಿಡಿ.

ಕ್ಯಾಮೆರಾ ಎಷ್ಟು ಅಲುಗದೆ ನಿಲ್ಲಬೇಕು ಎಂಬುದಕ್ಕೂ ಒಂದು ಲೆಕ್ಕ ಇದೆ. ಪಿಕ್ಸೆಲ್‌ನ ಅಗಲ 5 ಮೈಕ್ರಾನ್, ಲೆನ್ಸು 30 ಮಿಲಿಮೀಟರ್. ಒಂದು ಡಿಗ್ರಿಯ ನೂರರಲ್ಲಿ ಒಂದು ಪಾಲು ಕ್ಯಾಮೆರಾ ತಿರುಗಿದರೆ ಚಿತ್ರ ಒಂದು ಪಿಕ್ಸೆಲ್ ಜಾರಿರುತ್ತದೆ. ಆರು ಮೀಟರ್ ದೂರದ ಗೋಡೆಯ ಮೇಲೆ ಒಂದು ಪಿಕ್ಸೆಲ್ ಅಂದರೆ ಒಂದು ಮಿಲಿಮೀಟರ್, ಅಂದರೆ ಮುರಕಲ್ಲಿನ ಸಣ್ಣ ತೂತಿನ ಅಂಚು. ಈ ಲೆನ್ಸಿಗೆ 1/45 ಸೆಕೆಂಡ್ ಸಾಕು ಎಂಬ ಹಳೆಯ ಫಿಲ್ಮ್ ಕಾಲದ ಸೂತ್ರ ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಸರಿ. ಕೈಯಲ್ಲಿ ಹಿಡಿದರೆ 1/250ಕ್ಕಿಂತ ನಿಧಾನ ಬೇಡ, ಆಗಲೂ ಮೂರು ತೆಗೆದು ಒಂದನ್ನು ಆರಿಸಬೇಕು.

ಟ್ರೈಪಾಡ್ ಇದ್ದರೆ ಎಲ್ಲ ಸುಲಭ. ಬೇಕಲ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಒಳಗೆ ಟ್ರೈಪಾಡ್ ನಿಲ್ಲಿಸುವುದಾದರೆ ಮೊದಲೇ ಅನುಮತಿ ಕೇಳಿಕೊಂಡು ಹೋಗುವುದು ಕ್ರಮ. ಇಲ್ಲದಿದ್ದರೆ ದಪ್ಪ ಬಟ್ಟೆಯ ಚೀಲಕ್ಕೆ ಅರ್ಧ ಕಿಲೋ ಕುಚ್ಚಲಕ್ಕಿ ತುಂಬಿ ಬಾಯಿ ಹೊಲಿದು ಒಯ್ಯಿರಿ. ಪೂರ್ತಿ ತುಂಬಬೇಡಿ, ಮುಕ್ಕಾಲು ಭಾಗ ಸಾಕು. ಕ್ಯಾಮೆರಾ ಒತ್ತಿದಾಗ ಅಕ್ಕಿ ಸರಿದು ಅದರ ಆಕಾರಕ್ಕೆ ಗೂಡಾಗಬೇಕು. ಮೋಟುಗೋಡೆಯ ಮೇಲೆ ಅದನ್ನಿಟ್ಟು ಕ್ಯಾಮೆರಾ ಕೂರಿಸಿದರೆ 1/15 ಸೆಕೆಂಡ್ ಕೂಡ ಚೂಪಾಗಿ ಬರುತ್ತದೆ. ಬೆಳ್ತಿಗೆ ಅಕ್ಕಿ ಜಾರುತ್ತದೆ, ಕುಚ್ಚಲಕ್ಕಿಯ ದಪ್ಪ ಕಾಳು ಹಿಡಿದು ನಿಲ್ಲುತ್ತದೆ. ಈ ಕ್ಯಾಮೆರಾದ ಶಟರ್ ಲೆನ್ಸಿನೊಳಗೇ ಇರುವ ಎಲೆ ಶಟರ್. ಅದರಿಂದ ಕಂಪನ ಇಲ್ಲವೆಂದೇ ಹೇಳಬಹುದು. ಕಂಪನವೆಲ್ಲ ನಮ್ಮ ಬೆರಳಿನದು. ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ ಕೈ ತೆಗೆದುಬಿಡಿ. ಮಧ್ಯಾಹ್ನದ ನಂತರ ಕಡಲಗಾಳಿ ಏಳುತ್ತದೆ, ಆಗ ಟ್ರೈಪಾಡಿನ ನಡುಕೋಲು ಎತ್ತಬೇಡಿ, ಚೀಲವನ್ನು ತೂಗುಹಾಕಲೂ ಬೇಡಿ. ತೂಗುವ ಚೀಲ ಗಾಳಿಗೆ ಓಲಾಡಿ ಕಾಲನ್ನೇ ಅಲುಗಿಸುತ್ತದೆ, ನೆಲಕ್ಕೆ ತಾಗಿಸಿ ಕಟ್ಟಿ.

ಅಪರ್ಚರ್ ವಿಷಯದಲ್ಲಿ ಜಿಪುಣರಾಗಿರಬೇಕು. ಲೆನ್ಸಿನ ತೂತು ಸಣ್ಣದಾದಷ್ಟೂ (ಎಫ್ ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು) ಬೆಳಕಿನ ಬಿಂದು ಹರಡುತ್ತದೆ: ಎಫ್/5.6ರಲ್ಲಿ ಆ ಬಿಂದು ಏಳೂವರೆ ಮೈಕ್ರಾನ್, ಎಫ್/8ರಲ್ಲಿ ಹತ್ತೂವರೆ ದಾಟುತ್ತದೆ, ಎಫ್/11ರಲ್ಲಿ ಹದಿನೈದರ ಹತ್ತಿರ, ಎಫ್/16ರಲ್ಲಿ ಇಪ್ಪತ್ತೊಂದು. ಪಿಕ್ಸೆಲ್ ಐದು ಮೈಕ್ರಾನ್ ಎಂಬುದನ್ನು ನೆನಪಿಡಿ. ಎದುರಿಗೆ ನಿಂತು ಚಪ್ಪಟೆ ಗೋಡೆ ತೆಗೆಯುವಾಗ ಎಫ್/5.6; ಗೋಡೆ ಓರೆಯಾಗಿ ದೂರಕ್ಕೆ ಹೋಗುತ್ತಿದ್ದರೆ ಎಫ್/8. ಎಫ್/11ನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಮುಟ್ಟುತ್ತೇನೆ, ಎಫ್/16 ಇದೆಯೆಂದೇ ಮರೆತಿದ್ದೇನೆ.

ಹತ್ತಿರ–ದೂರ ಎರಡೂ ಬೇಕಾದಾಗ ಕೋಷ್ಟಕ ನೋಡಿ ಫೋಕಸ್ ಇಡುವವರು ಇಲ್ಲಿ ಮೋಸಹೋಗುತ್ತಾರೆ. ಈ ಗಾತ್ರದ ಸೆನ್ಸರಿಗೆ ಎಲ್ಲರೂ ಕೊಡುವ ಲೆಕ್ಕದಂತೆ ಎಫ್/8ರಲ್ಲಿ ಐದೂವರೆ ಮೀಟರ್‌ಗೆ ಇಟ್ಟರೆ ದಿಗಂತದ ತನಕ ಎಲ್ಲವೂ ಸ್ಪಷ್ಟ. ಆ ಲೆಕ್ಕ ನಾಲ್ಕು ಪಿಕ್ಸೆಲ್‌ನಷ್ಟು ಮಸುಕನ್ನು ಸ್ಪಷ್ಟವೆಂದು ಒಪ್ಪಿಕೊಂಡು ಮಾಡಿದ್ದು. ಎರಡು ಪಿಕ್ಸೆಲ್‌ಗೆ ಬಿಗಿ ಮಾಡಿದರೆ ಫೋಕಸ್ ಹನ್ನೊಂದು ಮೀಟರ್‌ನಲ್ಲಿರಬೇಕು, ಸ್ಪಷ್ಟತೆ ಶುರುವಾಗುವುದೇ ಐದೂವರೆ ಮೀಟರ್‌ನಿಂದ. ಅಂದರೆ ಕಾಲಬುಡದ ಹುಲ್ಲನ್ನೂ ದೂರದ ವೀಕ್ಷಣಾ ಗೋಪುರವನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಹಟ ಬಿಡುವುದು ಒಳ್ಳೆಯದು. ಆಟೋಫೋಕಸ್ ನಿಧಾನ, ಆದರೆ ಮುರಕಲ್ಲಿನಂಥ ಒರಟು ಮೈಯಲ್ಲಿ ತಪ್ಪುವುದು ಕಡಿಮೆ. ಒಮ್ಮೆ ಆಟೋದಲ್ಲಿ ಹಿಡಿದು, ಮ್ಯಾನುವಲ್‌ಗೆ ಬದಲಾಯಿಸಿ, ಪರದೆಯಲ್ಲಿ ಹಿಗ್ಗಿಸಿ ತೂತಿನ ಅಂಚು ನೋಡಿ. ಬಿಸಿಲಿನಲ್ಲಿ ಆ ಪರದೆ ಏನೂ ಕಾಣಿಸುವುದಿಲ್ಲ, ತಲೆಯ ಮೇಲೆ ಕಪ್ಪು ಬಟ್ಟೆ ಹಾಕಿಕೊಳ್ಳಬೇಕು. ನೋಡುವವರು ನಗುತ್ತಾರೆ, ನಗಲಿ.

ಎಕ್ಸ್‌ಪೋಷರ್: ಪೂರ್ತಿ ಬಿಸಿಲು ಬಿದ್ದ ದೃಶ್ಯಕ್ಕೆ ಐಎಸ್‌ಒ 100, ಎಫ್/8ರಲ್ಲಿ 1/400. ಸವರುವ ಬಿಸಿಲಿನ ಗೋಡೆಗೆ 1/80ರ ಆಸುಪಾಸು. ಮೋಡ ಕವಿದ ದಿನ 1/50, 1/25. ಇವು ಆರಂಭದ ಅಂಕಿಗಳು, ಕೊನೆಯ ತೀರ್ಮಾನ ಹಿಸ್ಟೋಗ್ರಾಮ್‌ನದು, ಅಂದರೆ ಚಿತ್ರದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಎಂದು ಪರದೆಯಲ್ಲಿ ತೋರಿಸುವ ನಕ್ಷೆಯದು. ಈ ಸೆನ್ಸರಿಗೆ ಎರಡು ಕಡೆಯಿಂದಲೂ ಬಿಗಿ. ಆಕಾಶ ಅತಿಯಾಗಿ ಬೆಳಗಿದರೆ ಫಿಲ್ಮಿನಂತೆ ನಯವಾಗಿ ಬಿಳಿಯಾಗದೆ ಗಕ್ಕನೆ ಬಣ್ಣ ಸತ್ತು ಬೂದು ಅಂಚು ಕಟ್ಟುತ್ತದೆ. ಅದಕ್ಕೆ ಹೆದರಿ ಕಡಿಮೆ ಬೆಳಕು ಕೊಟ್ಟರೆ ಆಮೇಲೆ ನೆರಳನ್ನು ಎತ್ತುವಾಗ ಹಸಿರು–ನೇರಳೆ ಮಚ್ಚೆ. ಆಕಾಶವೇ ಇಲ್ಲದ ಹಾಗೆ ಗೋಡೆಯನ್ನು ಮಾತ್ರ ಚೌಕಟ್ಟಿಗೆ ತಂದರೆ ಮೀಟರ್ ಹೇಳಿದ್ದಕ್ಕಿಂತ ಮೂರನೇ ಒಂದು ಸ್ಟಾಪ್ ಹೆಚ್ಚೇ ಕೊಡಬಹುದು (ಒಂದು ಸ್ಟಾಪ್ ಹೆಚ್ಚು ಅಂದರೆ ಬೆಳಕು ಎರಡರಷ್ಟು). ಆಕಾಶ ಇದ್ದರೆ ಅಷ್ಟೇ ಕಡಿಮೆ, ಕೆಲವೊಮ್ಮೆ ಮೂರನೇ ಎರಡು. ಖಾತ್ರಿ ಇಲ್ಲದಿದ್ದರೆ ಮೂರು ಚಿತ್ರದ ಬ್ರಾಕೆಟ್ ಹಾಕಿ, ಅಂದರೆ ಅದೇ ದೃಶ್ಯವನ್ನು ಹೆಚ್ಚು, ಕಡಿಮೆ, ಸರಿ ಬೆಳಕಿನಲ್ಲಿ ಮೂರು ಸಲ ತೆಗೆಯಿರಿ. ಏಳು ಚಿತ್ರದ ತನಕ ಕ್ಯಾಮೆರಾದ ನೆನಪಿನಲ್ಲಿ ಜಾಗ ಇದೆ, ಆ ಮೂರನ್ನು ಬರೆದು ಮುಗಿಸಲು ಅರ್ಧ ನಿಮಿಷಕ್ಕೂ ಮೇಲೆ ಕಾಯಬೇಕು ಅಷ್ಟೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ, ಚೌಕಟ್ಟು ತುಂಬ ಕೆಂಪು ಕಂಡಾಗ ಅದು ಕೆಂಪನ್ನೇ ತಪ್ಪೆಂದು ತಿಳಿದು ನೀಲಿ ಸುರಿಯುತ್ತದೆ. ಬಿಸಿಲಿಗೆ ಬಿಸಿಲಿನ ಚಿಹ್ನೆ, ಅಡಿಕೆ ತೋಟದೊಳಗೆ ಬಿಳಿ ಕಾಗದ ತೋರಿಸಿ ಕಸ್ಟಮ್. ಸೋಗೆಗಳಿಂದ ಸೋಸಿ ಬರುವ ಬೆಳಕೇ ಹಸಿರು, ಅಲ್ಲಿ ಯಾವ ಚಿಹ್ನೆಯೂ ಸರಿಹೋಗುವುದಿಲ್ಲ. ತೋಟದೊಳಗೆ ಎಫ್/8ಕ್ಕೆ ಕಾಲು, ಅರ್ಧ ಸೆಕೆಂಡ್ ಬೇಕಾಗುವುದರಿಂದ ಸೋಗೆಯ ತುದಿ ನಿಲ್ಲುವ ತನಕ ಕಾಯುವ ತಾಳ್ಮೆಯೂ ಬೇಕು.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಒದ್ದೆಯಾದ ಮುರಕಲ್ಲಿನ ಬಣ್ಣ ಕಡುವಾಗಿ ಬಲು ಚೆಂದ ಇರುತ್ತದೆ, ಜೊತೆಗೆ ಮೇಲ್ಮೈಯ ನೀರು ಆಕಾಶವನ್ನು ಪ್ರತಿಫಲಿಸಿ ಬಣ್ಣವನ್ನು ತೊಳೆದೂ ಹಾಕುತ್ತದೆ. ಲೆನ್ಸಿನ ಮುಂದೆ ಹಾಕುವ, ಹೊಳಪು ತಡೆಯುವ 49 ಮಿಲಿಮೀಟರ್‌ನ ಪೋಲರೈಸರ್ ಫಿಲ್ಟರ್ ಇದಕ್ಕೆ ಮದ್ದು. ನೆಲಹಾಸಿನ ಒದ್ದೆ ಕಲ್ಲನ್ನು ಸುಮಾರು 37 ಡಿಗ್ರಿ ಇಳಿಜಾರಿನಲ್ಲಿ ನೋಡುವಂತೆ ನಿಂತರೆ ಹೊಳಪು ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ, ಒಂದೂವರೆ ಸ್ಟಾಪ್ ಬೆಳಕೂ ಹೋಗುತ್ತದೆ. ಕ್ಯಾಮೆರಾಕ್ಕೆ ಮಳೆಯಿಂದ ಯಾವ ರಕ್ಷಣೆಯೂ ಇಲ್ಲ. ಎಸಿ ಕಾರಿನಿಂದ ನೇರ ಹೊರಗೆ ತೆಗೆದರೆ ಲೆನ್ಸಿಗೆ ಮಂಜು ಹಿಡಿಯುತ್ತದೆ, ಚೀಲದೊಳಗೇ ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ತೆಗೆಯಿರಿ. ಕಡಲ ತುಂತುರಿನ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಬಾರದು, ಮೊದಲು ಊದಿ, ಆಮೇಲೆ ಲೆನ್ಸ್ ದ್ರವದಿಂದ ತೇವ ಮಾಡಿದ ಬಟ್ಟೆ. ಮಳೆಗಾಲ ಪೂರ್ತಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವಮಾಪಕ ಇಟ್ಟು 45 ಶೇಕಡದ ಆಸುಪಾಸಿನಲ್ಲಿ ಕಾಯಬೇಕು. ಲೆನ್ಸು ಬಿಚ್ಚಲಾಗದ ಕ್ಯಾಮೆರಾ ಇದು, ಒಳಗೆ ಬೂಸರು ಹಿಡಿದರೆ ನಮ್ಮ ಕೈಯಲ್ಲಿ ಏನೂ ಮಾಡಲಾಗುವುದಿಲ್ಲ.

ಚಿತ್ರ ಕಂಪ್ಯೂಟರಿಗೆ ಬಂದ ಮೇಲಿನ ಕೆಲಸ ಬಹಳ ಜನರ ತಾಳ್ಮೆ ಕೆಡಿಸುವಂಥದ್ದು. ಮೆರಿಲ್‌ನ ಎಕ್ಸ್3ಎಫ್ ಎಂಬ ರಾ ಫೈಲನ್ನು ಹೆಚ್ಚಿನವರು ಬಳಸುವ ಲೈಟ್‌ರೂಮ್ ತಂತ್ರಾಂಶ ತೆರೆಯುವುದಿಲ್ಲ. ನಾನು ಮಾಡುವುದು ಸಿಗ್ಮಾ ಫೋಟೋ ಪ್ರೊ ಎಂಬ ಕಂಪೆನಿಯದೇ ಉಚಿತ ತಂತ್ರಾಂಶದಲ್ಲಿ, ಅದೋ ಆಮೆ. ಪ್ರತಿ ಗುಂಡಿ ಎಳೆದ ಮೇಲೆ ಕಾಯಬೇಕು. ಹಾಗಾಗಿ ಅಲ್ಲಿ ಕನಿಷ್ಠ ಕೆಲಸ ಮಾಡಿ, ಉಳಿದದ್ದನ್ನು ಬೇರೆಡೆ ಮಾಡುವುದು ಜಾಣತನ. ಶಾರ್ಪ್‌ನೆಸ್ ಮೊದಲು ಇಳಿಸಿ. ಸೊನ್ನೆ ಎಂದು ತೋರಿಸುವಾಗಲೇ ಅದು ಸಾಕಷ್ಟು ಚೂಪು ಮಾಡಿರುತ್ತದೆ; ಮುರಕಲ್ಲಿನ ಪ್ರತಿ ತೂತಿನ ಸುತ್ತ ಬಿಳಿ ಗೆರೆ ಕಟ್ಟುತ್ತದೆ. ಮೈನಸ್ ಒಂದಕ್ಕೆ ತಂದರೆ ಗೆರೆ ಹೋಗಿ ಕಲ್ಲು ಉಳಿಯುತ್ತದೆ. ಬಣ್ಣದ ಮೋಡ್ ನ್ಯೂಟ್ರಲ್. ಸ್ಟ್ಯಾಂಡರ್ಡ್‌ನಲ್ಲಿ ಹಳದಿ ಮಣ್ಣೂ ಇಟ್ಟಿಗೆ ಕೆಂಪೂ ಹತ್ತಿರ ಬಂದುಬಿಡುತ್ತವೆ, ವಿವಿಡ್ ಅಂತೂ ಈ ಕಲ್ಲಿಗೆ ಬೇಡವೇ ಬೇಡ. ಫಿಲ್ ಲೈಟ್ ಎಂಬ ಗುಂಡಿ ನೆರಳನ್ನು ಎತ್ತುತ್ತದೆ, 0.3ರ ತನಕ ಸಹ್ಯ. ಅದಕ್ಕೂ ಮೇಲೆ ಎಳೆದರೆ ಕೋಟೆಯ ಅಂಚಿಗೂ ಆಕಾಶಕ್ಕೂ ನಡುವೆ ಬೆಳಕಿನ ಪಟ್ಟಿ ಏಳುತ್ತದೆ. ಐಎಸ್‌ಒ 100ರಲ್ಲಿ ತೆಗೆದಿದ್ದರೆ ಗದ್ದಲ ಕಡಿಮೆ ಮಾಡುವ ಗುಂಡಿಗಳನ್ನು ಪೂರ್ತಿ ಎಡಕ್ಕೆ ತನ್ನಿ, ಅವು ಕಲ್ಲಿನ ಮರಳು ಮೈಯನ್ನೂ ಗದ್ದಲವೆಂದೇ ತಿಳಿದು ಒರೆಸುತ್ತವೆ. ಎಕ್ಸ್‌ಪೋಷರ್ ತಿದ್ದುವುದಿದ್ದರೆ ಇಲ್ಲೇ ತಿದ್ದಿ. ಆಮೇಲೆ 16 ಬಿಟ್ ಟಿಫ್ ಆಗಿ, ಅಡೋಬಿ ಆರ್‌ಜಿಬಿ ಬಣ್ಣದಲ್ಲಿ ಉಳಿಸಿ. ಒಂದೊಂದು ಫೈಲೂ 88 ಎಂಬಿ ಆಗುತ್ತದೆ.

ಐಎಸ್‌ಒ 400, 800ರಲ್ಲಿ ಸಿಕ್ಕಿಬಿದ್ದ ಚಿತ್ರಗಳಿಗೆ ಅದೇ ತಂತ್ರಾಂಶದ ಮಾನೋಕ್ರೋಮ್ ಮೋಡ್ ಇದೆ. ಅದರ ಬಣ್ಣದ ಚಕ್ರದಲ್ಲಿ ಚುಕ್ಕೆಯನ್ನು ನೀಲಿಯ ಕಡೆಗೆ ಎಳೆದರೆ ಹೆಚ್ಚು ಬೆಳಕು ಕಂಡ ಮೇಲ್ಪದರವೇ ಮುಖ್ಯವಾಗಿ ಬಳಕೆಯಾಗಿ ಗದ್ದಲ ಗಮನಾರ್ಹವಾಗಿ ಇಳಿಯುತ್ತದೆ. ಕೆಂಪು ಕಲ್ಲು ಆಗ ಬಹಳ ಕಪ್ಪಾಗಿ ಬರುತ್ತದೆ. ಹಳೆಯ ಬಾವಿಕಟ್ಟೆಗೆ ಅದು ಒಪ್ಪುತ್ತದೆ, ಬಿಸಿಲಿನ ಕೋಟೆಗೆ ಒಪ್ಪುವುದಿಲ್ಲ.

ಗೋಡೆಯ ಗೆರೆಗಳನ್ನು ನೆಟ್ಟಗೆ ಮಾಡುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟರೆ ಪಿಕ್ಸೆಲ್‌ಗಳನ್ನು ಎಳೆದು ಮರುಜೋಡಿಸುವಾಗ ಅಷ್ಟು ಕಷ್ಟಪಟ್ಟು ಹಿಡಿದ ಚೂಪು ಸೋರಿಹೋಗುತ್ತದೆ. ಫ್ಲಾಶ್ ಕೂರಿಸುವ ಜಾಗಕ್ಕೆ ಸಿಕ್ಕಿಸುವ ರಸಮಟ್ಟ ಅಗ್ಗಕ್ಕೆ ಸಿಗುತ್ತದೆ, ಅಲ್ಲೇ ನೆಟ್ಟಗೆ ಮಾಡಿಕೊಳ್ಳಿ.

ಮುದ್ರಣಕ್ಕೆ ಎ3 ಕಾಗದದಲ್ಲಿ ಈ ಫೈಲ್ ಇಂಚಿಗೆ 285 ಪಿಕ್ಸೆಲ್ ಕೊಡುತ್ತದೆ, ಹಿಗ್ಗಿಸುವ ಅಗತ್ಯವಿಲ್ಲ. ಎ2ಕ್ಕೆ ಸುಮಾರು 200, ಅದೂ ಚೆನ್ನಾಗಿಯೇ ಬರುತ್ತದೆ. ಶಾರ್ಪ್ ಮಾಡುವುದು ಕಾಗದದ ಅಳತೆ ನಿಶ್ಚಯವಾದ ಮೇಲೆಯೇ, ಅರ್ಧ ಪಿಕ್ಸೆಲ್ ರೇಡಿಯಸ್‌ನಲ್ಲಿ. ಹೊಳಪಿನ ಕಾಗದಕ್ಕಿಂತ ಮ್ಯಾಟ್ ಕಾಗದ ಮುರಕಲ್ಲಿಗೆ ಹೊಂದುತ್ತದೆ, ಆದರೆ ಮ್ಯಾಟ್‌ನಲ್ಲಿ ಕಡುಗೆಂಪು ಮಂಕಾಗಿ ತೂತುಗಳ ಕಪ್ಪು ಬೂದಾಗುತ್ತದೆ. ಪೂರ್ತಿ ಹಾಳೆ ಹೊಡೆಸುವ ಮೊದಲು ಬಿಸಿಲು–ನೆರಳು ಎರಡೂ ಇರುವ ಒಂದು ಪಟ್ಟಿಯನ್ನು ನಿಜವಾದ ಗಾತ್ರದಲ್ಲಿ ಹೊಡೆಸಿ, ಸ್ಟುಡಿಯೋದ ಟ್ಯೂಬ್‌ಲೈಟಿನಡಿ ಅಲ್ಲ, ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಿ. ಸಾಮಾನ್ಯವಾಗಿ ಚಿತ್ರವನ್ನು ಕಾಲು ಸ್ಟಾಪ್ ಬೆಳಗಿಸಿ, ಕಪ್ಪನ್ನು ಸ್ವಲ್ಪ ಬಿಗಿ ಮಾಡಿದರೆ ಎರಡನೇ ಪಟ್ಟಿ ಸರಿಯಾಗಿ ಬರುತ್ತದೆ. ಎಕ್ಸ್3ಎಫ್ ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಸಿಗ್ಮಾ ಫೋಟೋ ಪ್ರೊ ಇನ್‌ಸ್ಟಾಲ್ ಮಾಡುವ ಫೈಲನ್ನೂ ಅದೇ ಹಾರ್ಡ್‌ಡಿಸ್ಕಿನಲ್ಲಿ ಜೊತೆಗೇ ಇಟ್ಟುಕೊಳ್ಳಿ.